ಗ್ರೀಕ್ ನಾಟಕ ಒಂದನ್ನೂ ಓದದೆ ಅರಿಸ್ಟಾಟಲ್ ಪಾಠ: ಎಲ್ಲಿಂದ ಶುರು ಮಾಡೋದು?

ಸೀಮೆಸುಣ್ಣ
ನಮಸ್ಕಾರ ಎಲ್ಲರಿಗೂ. ಡಿಗ್ರಿ ಕಾಲೇಜಿನಲ್ಲಿ ಕನ್ನಡ ಹೇಳಿಕೊಡುತ್ತೇನೆ. ಈ ಸೆಮಿಸ್ಟರ್ ಪಾಶ್ಚಾತ್ಯ ಕಾವ್ಯಮೀಮಾಂಸೆ ನನ್ನ ಪಾಲಿಗೆ ಬಂದಿದೆ. ಪ್ಲೇಟೋ, ಅರಿಸ್ಟಾಟಲ್, ಹೊರೇಸ್, ಲಾಂಜೈನಸ್. ಮಕ್ಕಳ ಕೈಯಲ್ಲಿ ಗೈಡ್ ಇದೆ. ಕೆಥಾರ್ಸಿಸ್ (ದುರಂತ ನಾಟಕ ನೋಡಿ ಭಯ, ಕರುಣೆ ಹೊರಹೋಗಿ ಮನಸ್ಸು ತಿಳಿಯಾಗೋದು) ಅಂದರೆ ಏನು ಅಂತ ಕೇಳಿದರೆ ಗಡಗಡ ಹೇಳುತ್ತಾರೆ. ಅದು ಯಾವ ನಾಟಕದಲ್ಲಿ, ಯಾವ ಜಾಗದಲ್ಲಿ ನಿಮಗೆ ಆಯಿತು ಅಂತ ಕೇಳಿದರೆ ಇಡೀ ಕ್ಲಾಸು ಗಪ್‌ಚುಪ್. ಈಡಿಪಸ್‌ನ ಕಥೆ ಎಲ್ಲರಿಗೂ ಗೊತ್ತು, ನಾಟಕ ಯಾರೂ ಓದಿಲ್ಲ. ಪಾಠ ಮಾಡುವವರಲ್ಲಿ ಎಷ್ಟು ಜನ ಓದಿದ್ದಾರೆ ಅಂತ ಮಾತ್ರ ಕೇಳಬೇಡಿ.

ಗ್ರೀಕ್, ರೋಮನ್ ಸಾಹಿತ್ಯವನ್ನು ಸ್ವಲ್ಪ ಗಂಭೀರವಾಗಿ ಓದಬೇಕು ಅಂತ ಆಸೆ. ಎಲ್ಲಿಂದ ಶುರು ಮಾಡಲಿ? ಕನ್ನಡದಲ್ಲಿ ಏನೇನು ಸಿಗುತ್ತೆ? ಈ ವಯಸ್ಸಿನಲ್ಲಿ ಗ್ರೀಕ್ ಭಾಷೆ ಕಲಿಯೋಕೆ ಹೋಗೋದು ಹುಚ್ಚುತನವಾ? ಸ್ಟಾಫ್ ರೂಮಿನಲ್ಲಿ ಒಬ್ಬರು "ಅದೆಲ್ಲಾ ಬಿಳಿಯರ ಸರಕು, ನಮಗ್ಯಾಕೆ ಮೇಡಂ" ಅಂದರು. ಅದಕ್ಕೂ ಏನಾದರೂ ಉತ್ತರ ಇದ್ದರೆ ಹೇಳಿ.

ರಂಗದ_ಹಿಂದೆ
ಮೇಡಂ, ಥಿಯರಿ ಪಕ್ಕಕ್ಕಿಟ್ಟು ಸೊಫೊಕ್ಲಿಸ್‌ನ ಈಡಿಪಸ್ ಓದಿ. ಲಂಕೇಶರು ಈಡಿಪಸ್, ಅಂತಿಗೊನೆ ಎರಡನ್ನೂ ಕನ್ನಡಕ್ಕೆ ತಂದಿದ್ದಾರೆ. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನಲ್ಲಿ ಈಡಿಪಸ್ ಮಾಡಿಸಿದಾಗ ಆ ಪಾತ್ರ ಮಾಡಿದ್ದು ಗಿರೀಶ್ ಕಾರ್ನಾಡ್.

ನಾಟಕ ಶುರುವಾಗುವ ಹೊತ್ತಿಗೆ ಅಪ್ಪನನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ಎಲ್ಲ ಮುಗಿದು ವರ್ಷಗಳೇ ಆಗಿವೆ. ಪರದೆ ಏಳುವಾಗ ಊರಲ್ಲಿ ಪಿಡುಗು. ಜನ ಅರಮನೆ ಮೆಟ್ಟಿಲ ಮೇಲೆ ಕೈಯಲ್ಲಿ ಕೊಂಬೆ ಹಿಡಿದು ಕೂತಿದ್ದಾರೆ. ದೊರೆಯೇ ಕಾಪಾಡಬೇಕು ಅಂತ. ಆಮೇಲೆ ಪೂರ್ತಿ ವಿಚಾರಣೆ. ಒಬ್ಬೊಬ್ಬ ಸಾಕ್ಷಿ ಬರುತ್ತಾನೆ, ಒಂದೊಂದು ಗಂಟು ಬಿಚ್ಚುತ್ತೆ. ಸಮಾಧಾನ ಹೇಳೋಕೆ ಬಂದ ಕೊರಿಂಥದ ದೂತನಿಂದಲೇ ಎಲ್ಲ ಹಾಳಾಗುತ್ತೆ. ಆ ದೃಶ್ಯವನ್ನ ಕ್ಲಾಸಲ್ಲಿ ಮಕ್ಕಳ ಕೈಲಿ ಗಟ್ಟಿಯಾಗಿ ಓದಿಸಿ. ಪೆರಿಪೆಟಿ (ಕಥೆ ಇದ್ದಕ್ಕಿದ್ದಂತೆ ತಲೆಕೆಳಗಾಗೋ ತಿರುವು) ಅಂದರೆ ಏನು ಅಂತ ಬೋರ್ಡಿನ ಮೇಲೆ ಬರೆಯೋ ಕೆಲಸವೇ ತಪ್ಪುತ್ತೆ.

ಗೈಡ್_ವಿರೋಧಿ
+1. ಹಾಗೇ ಗೈಡಿನಲ್ಲಿರೋ ಒಂದು ಸುಳ್ಳನ್ನ ಮೊದಲು ಅಳಿಸಿಬಿಡಿ. "ಅರಿಸ್ಟಾಟಲನ ಮೂರು ಐಕ್ಯಗಳು" ಅಂತ ಎಲ್ಲ ಕಡೆ ಇರುತ್ತೆ. ಅವನು ಒತ್ತು ಕೊಟ್ಟದ್ದು ಕ್ರಿಯೆಯ ಐಕ್ಯ ಒಂದಕ್ಕೇ. ಕಾಲದ ಬಗ್ಗೆ, ದುರಂತ ನಾಟಕಗಳು ಆದಷ್ಟು ಸೂರ್ಯನ ಒಂದು ಸುತ್ತಿನೊಳಗೆ ಮುಗಿಯೋಕೆ ನೋಡುತ್ತವೆ ಅಂತ ಕಂಡದ್ದನ್ನ ಹೇಳಿದ್ದಾನೆ ಅಷ್ಟೇ. ಸ್ಥಳದ ಐಕ್ಯ ಅನ್ನೋದು ಅವನಲ್ಲಿ ಇಲ್ಲವೇ ಇಲ್ಲ. ಅದು 1570ರಲ್ಲಿ ಇಟಲಿಯ ಕಾಸ್ತೆಲ್ವೆತ್ರೋ ವ್ಯಾಖ್ಯಾನ ಬರೆದಾಗ ಬಂದದ್ದು. ಗ್ರೀಕರೇ ಅದನ್ನ ಪಾಲಿಸಲಿಲ್ಲ. ಸೊಫೊಕ್ಲಿಸ್‌ನ ಅಜಾಕ್ಸ್‌ನಲ್ಲಿ ಡೇರೆ ಮುಂದಿನಿಂದ ಕಡಲ ದಡಕ್ಕೆ ಹೋಗುತ್ತೆ ನಾಟಕ.

ಇನ್ನೊಂದು. ಸೊಫೊಕ್ಲಿಸ್ ಸತ್ತದ್ದು ಕ್ರಿ.ಪೂ. 406ರ ಹೊತ್ತಿಗೆ. ಅರಿಸ್ಟಾಟಲ್ ಹುಟ್ಟಿದ್ದು 384ರಲ್ಲಿ. ಮಕ್ಕಳು ಪರೀಕ್ಷೆಯಲ್ಲಿ "ಅರಿಸ್ಟಾಟಲನ ನಿಯಮದಂತೆ ಸೊಫೊಕ್ಲಿಸ್ ನಾಟಕ ರಚಿಸಿದನು" ಅಂತ ಬರೀತಾರೆ. ಮೌಲ್ಯಮಾಪನಕ್ಕೆ ಕೂತಾಗಲೆಲ್ಲ ತಲೆ ಚಚ್ಚಿಕೊಳ್ಳೋ ಹಾಗಾಗುತ್ತೆ.

ಹಳೆಗನ್ನಡ_ಹುಚ್ಚ
ಅಜಾಕ್ಸ್ ಅಂದಿದ್ದಕ್ಕೆ ಹೇಳ್ತೀನಿ. ಬಿ.ಎಂ.ಶ್ರೀ ಅವರ ಅಶ್ವತ್ಥಾಮನ್ (1929) ಅದರ ಮೇಲೇ ಕಟ್ಟಿದ್ದು. ಅವರದೇ ಪಾರಸಿಕರು ನಾಟಕದ ಮೂಲ ಈಸ್ಕಿಲಸ್‌ನದು. ಪಾರಸಿಕರು ಮೂಲ ಆಡಿದ್ದು ಕ್ರಿ.ಪೂ. 472ರಲ್ಲಿ, ಗ್ರೀಕರು ಪರ್ಷಿಯದವರನ್ನ ಸೋಲಿಸಿದ ಸಲಾಮಿಸ್ ಯುದ್ಧ ಆಗಿ ಎಂಟೇ ವರ್ಷಕ್ಕೆ. ನಮಗೆ ಉಳಿದಿರೋ ಗ್ರೀಕ್ ನಾಟಕಗಳಲ್ಲಿ ಎಲ್ಲಕ್ಕಿಂತ ಹಳೆಯದು ಅದು. ಗೆದ್ದವರು ಸೋತವರ ಆಸ್ಥಾನದ ಗೋಳನ್ನ ವೇದಿಕೆ ಮೇಲೆ ತಂದರು, ಅದೂ ಸತ್ತವರ ಮನೆಯವರು ಪ್ರೇಕ್ಷಕರಲ್ಲಿ ಕೂತಿದ್ದಾಗ. ಯೋಚನೆ ಮಾಡಿ.

ಚಿರಂಜೀವಿ ಅಶ್ವತ್ಥಾಮನನ್ನ ಸಾಯಿಸಿಬಿಟ್ಟರು ಅಂತ ಶ್ರೀಯವರ ಮೇಲೆ ಕೋಪ ಮಾಡಿಕೊಂಡವರು ಇವತ್ತಿಗೂ ಇದ್ದಾರೆ. ನಾನಂತೂ ಆ ನಾಟಕದ ಪಕ್ಷ. ಹಳೆಗನ್ನಡ ಓದೋಕೆ ಸೋಮಾರಿತನ ಮಾಡದವರು ಗ್ರೀಕ್ ದುರಂತದ ರುಚಿಗೆ ಅದನ್ನೇ ಮೊದಲು ಓದಲಿ.

ಸಂಡೇ_ಸ್ಟೋಯಿಕ್
ನಾಟಕ ಎಲ್ಲ ಬಿಡಿ ಮೇಡಂ, ಜೀವನಕ್ಕೆ ಬೇಕಾದ್ದು ಮಾರ್ಕಸ್ ಔರೇಲಿಯಸ್. ಸುಖದುಃಖಕ್ಕೆ ಅಲುಗಾಡಬೇಡ ಅನ್ನೋ ಸ್ಟೋಯಿಕ್ ಪಂಥದವನು. ರೋಮಿನ ಚಕ್ರವರ್ತಿಯಾಗಿದ್ದುಕೊಂಡು ಯುದ್ಧದ ಡೇರೆಯಲ್ಲಿ ಕೂತು ತನಗೋಸ್ಕರ ಬರೆದುಕೊಂಡದ್ದು. ನಾನು ಬೆಳಗ್ಗೆ ತಣ್ಣೀರು ಸ್ನಾನ ಮಾಡಿ ಒಂದು ಪುಟ ಓದ್ತೀನಿ. ಆಫೀಸಿನಲ್ಲಿ ಮ್ಯಾನೇಜರ್ ಏನು ಅಂದ್ರೂ ತಲೆಗೆ ಹಚ್ಕೊಳ್ಳಲ್ಲ.

ಮೆಣಸಿನಕಾಳು
ಗುರು, ತಣ್ಣೀರು ಸ್ನಾನಕ್ಕೆ ರೋಮ್‌ವರೆಗೆ ಹೋಗ್ಬೇಕಾ? ನಮ್ಮಜ್ಜ ಗೀಸರ್ ಇಲ್ಲದೆ ಜೀವನಪೂರ್ತಿ ಸ್ಟೋಯಿಕ್ ಆಗಿದ್ದ.

ಗೈಡ್_ವಿರೋಧಿ
@ಸಂಡೇ_ಸ್ಟೋಯಿಕ್ ಮಾರ್ಕಸ್ ಓದೋದು ಒಳ್ಳೇದೇ. ಆದರೆ ರೀಲ್ಸ್‌ನಲ್ಲಿ ಬರೋ ಸ್ಟೋಯಿಕ್ ಬೇರೆ, ಪುಸ್ತಕದ ಸ್ಟೋಯಿಕ್ ಬೇರೆ. ಮಾರ್ಕಸ್ ಯಾರನ್ನ ಓದಿ ಬೆಳೆದ? ಎಪಿಕ್ಟೆಟಸ್‌ನನ್ನ. ಅವನು ಗುಲಾಮನಾಗಿದ್ದವನು. ಅವನು ಸ್ವಂತ ಏನೂ ಬರೆಯಲಿಲ್ಲ, ಶಿಷ್ಯ ಅರಿಯನ್ ಪಾಠ ಬರೆದಿಟ್ಟ. ಅದೇ ಅರಿಯನ್ ಭಾರತದ ಮೇಲೂ ಒಂದು ಪುಸ್ತಕ ಬರೆದಿದ್ದಾನೆ. ಇನ್ನೊಂದು ತುದಿಗೆ ಸೆನೆಕ. ನೀರೋಗೆ ಗುರು, ಕೋಟ್ಯಧಿಪತಿ, ಬಡತನದ ಹಿರಿಮೆ ಬಗ್ಗೆ ಚೆಂದದ ಪತ್ರ ಬರೆದವನು. ಕೊನೆಗೆ ಕ್ರಿ.ಶ. 65ರಲ್ಲಿ ಅದೇ ಶಿಷ್ಯನ ಅಪ್ಪಣೆಯಂತೆ ಸಾಯಬೇಕಾಯ್ತು. ಈ ಮೂವರನ್ನೂ ಒಟ್ಟಿಗೆ ಓದಿದರೆ ಸ್ಟೋಯಿಕ್ ಅನ್ನೋದು ಆಫೀಸ್ ಟೆನ್ಷನ್ ಮಾತ್ರೆ ಅಲ್ಲ ಅಂತ ಗೊತ್ತಾಗುತ್ತೆ.

ಅಂದಹಾಗೆ ಮಾರ್ಕಸ್ ಬರೆದದ್ದು ಲ್ಯಾಟಿನ್‌ನಲ್ಲಿ ಅಲ್ಲ, ಗ್ರೀಕ್‌ನಲ್ಲಿ.

ಸಂಡೇ_ಸ್ಟೋಯಿಕ್
ಮಾತ್ರೆಯಾದರೂ ಕೆಲಸ ಮಾಡ್ತಿದೆ ಸರ್. ನಿಮಗ್ಯಾಕೆ ಹೊಟ್ಟೆನೋವು?

ಲುಙ್_ಲಕಾರ
ಮೂಲ ಪ್ರಶ್ನೆಗೆ ಬರೋಣ. ಗ್ರೀಕ್ ಕಲಿಯೋದು ಹುಚ್ಚುತನ ಅಲ್ಲ ಮೇಡಂ, ಆದರೆ ಸುಲಭ ಅಂತ ಯಾರಾದರೂ ಅಂದರೆ ನಂಬಬೇಡಿ. ಸಂಸ್ಕೃತ ಗೊತ್ತಿದ್ದರೆ ಅರ್ಧ ಭಾರ ಇಳಿಯುತ್ತೆ. ದ್ವಿವಚನ ಇದೆ. ಆತ್ಮನೇಪದದ ಹಾಗಿರೋ ಮಧ್ಯಮ ಪ್ರಯೋಗ ಇದೆ. ಭೂತಕಾಲದಲ್ಲಿ ಧಾತುವಿಗಿಂತ ಮೊದಲು ಸಂಸ್ಕೃತದಲ್ಲಿ ಅಕಾರ ಬಂದರೆ ಅಲ್ಲಿ ಎಕಾರ ಬರುತ್ತೆ. ಸಂಸ್ಕೃತದ ಒಂದು ಭೂತಕಾಲ ರೂಪವಾದ ಲುಙ್ ಲಕಾರದಲ್ಲಿ ಒದ್ದಾಡಿದವರಿಗೆ ಗ್ರೀಕ್‌ನ ಆಯೋರಿಸ್ಟ್ ಹಳೇ ಶತ್ರು ಸಿಕ್ಕಿದ ಹಾಗೆ. ಬೆರಗೂ ಆಗುತ್ತೆ, ಕಿರಿಕಿರಿನೂ ಆಗುತ್ತೆ.

ಲ್ಯಾಟಿನ್ ಮೊದಲು ಮಾಡ್ತೀನಿ ಅಂದರೆ ಓರ್ಬರ್ಗ್ ಅನ್ನೋ ಡೆನ್ಮಾರ್ಕಿನ ಮೇಷ್ಟ್ರ ಪುಸ್ತಕ ಇದೆ. ಪೂರ್ತಿ ಲ್ಯಾಟಿನ್‌ನಲ್ಲೇ. "ರೋಮಾ ಇನ್ ಇತಾಲಿಯಾ ಎಸ್ತ್" ಅಂತ ಶುರು. ಚಿತ್ರ, ನಕ್ಷೆ ನೋಡಿಕೊಂಡೇ ಹೋಗಬಹುದು. ಮೂಲ ಪಠ್ಯ ಬೇಕಾದರೆ ಪರ್ಸಿಯಸ್ ಡಿಜಿಟಲ್ ಲೈಬ್ರರಿ ಪುಕ್ಕಟೆ. ಯಾವ ಪದ ಒತ್ತಿದರೂ ಅದರ ವ್ಯಾಕರಣ ತೋರಿಸುತ್ತೆ. ಲೋಬ್ ಮಾಲೆ 1912ರಿಂದ ಬರ್ತಿದೆ, ಎಡಕ್ಕೆ ಮೂಲ, ಬಲಕ್ಕೆ ಇಂಗ್ಲಿಷ್. ಹಸಿರು ರಟ್ಟು ಗ್ರೀಕ್, ಕೆಂಪು ರಟ್ಟು ಲ್ಯಾಟಿನ್. ಹೊಸದರ ಬೆಲೆ ಕೈ ಸುಡುತ್ತೆ. ಹಳೇ ಸಂಪುಟಗಳು ಹಕ್ಕುಸ್ವಾಮ್ಯ ಮುಗಿದು ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಗುತ್ತವೆ. ನಮ್ಮ ರಾಘವಾಂಕನ ಹರಿಶ್ಚಂದ್ರಕಾವ್ಯ 2017ರಲ್ಲಿ ಮೂರ್ತಿ ಕ್ಲಾಸಿಕಲ್ ಲೈಬ್ರರಿಯಲ್ಲಿ ಇದೇ ರೀತಿ ಒಂದು ಕಡೆ ಕನ್ನಡ, ಒಂದು ಕಡೆ ಇಂಗ್ಲಿಷ್ ಆಗಿ ಬಂತು. ಪ್ರಕಾಶಕರು ಎರಡಕ್ಕೂ ಹಾರ್ವರ್ಡೇ.

ಬೆಂಚ್_ಕೊನೆ
ಪಿಯುಸಿಯಲ್ಲಿ ಮಾರ್ಕ್ಸಿಗೋಸ್ಕರ ಸಂಸ್ಕೃತ ತಗೊಂಡಿದ್ದು ಲೆಕ್ಕಕ್ಕೆ ಬರುತ್ತಾ ಸರ್? 😅

ಲುಙ್_ಲಕಾರ
@ಬೆಂಚ್_ಕೊನೆ ರಾಮ ಶಬ್ದ ಬಾಯಿಗೆ ಬರುತ್ತಾ ಈಗ? ಬಂದರೆ ಲೆಕ್ಕಕ್ಕಿದೆ.

ಎರಡನೇ_ಸಾಲು
ಒಂದು ನೇರ ಪ್ರಶ್ನೆ. ಇಷ್ಟೆಲ್ಲಾ ಕೊಂಡಾಡ್ತಾ ಇದ್ದೀರಲ್ಲ, ಆ ಅಥೆನ್ಸ್‌ನ ಪ್ರಜಾಪ್ರಭುತ್ವದಲ್ಲಿ ಹೆಂಗಸರಿಗೆ ಓಟಿಲ್ಲ, ಗುಲಾಮರಿಗಿಲ್ಲ, ಹೊರಗಿನಿಂದ ಬಂದು ನೆಲೆಸಿದವರಿಗಿಲ್ಲ. ಕೆಲವರು ಹುಟ್ಟಿನಿಂದಲೇ ಗುಲಾಮರು ಅಂತ ಇದೇ ಅರಿಸ್ಟಾಟಲ್ ಪಾಲಿಟಿಕ್ಸ್‌ನಲ್ಲಿ ಬರೆದಿದ್ದಾನೆ. ಈ ಮಾತು ನಮಗೆ ಹೊಸದಲ್ಲ, ಇಲ್ಲಿ ಬೇರೆ ಹೆಸರಿನಲ್ಲಿ ಕೇಳಿದ್ದೇವೆ. ಯುರೋಪಿನಲ್ಲಿ ಲ್ಯಾಟಿನ್ ಬಂದವನು ದೊಡ್ಡ ಮನುಷ್ಯ, ಬರದವನು ಕೂಲಿ ಅನ್ನೋ ಹಾಗೆ ನೂರಾರು ವರ್ಷ ನಡೀತು. ಮೇಡಂ ಅವರ ಸಹೋದ್ಯೋಗಿ ಕೇಳಿದ್ದರಲ್ಲಿ ಹುರುಳಿದೆ.

ಗೈಡ್_ವಿರೋಧಿ
ಹುರುಳಿದೆ. ಆ ಜಗಳ ಅಲ್ಲೂ ಜೋರಾಗಿದೆ. 2021ರಲ್ಲಿ ಪ್ರಿನ್ಸ್‌ಟನ್‌ನವರು ಕ್ಲಾಸಿಕ್ಸ್ (ಗ್ರೀಕ್-ರೋಮನ್ ಅಧ್ಯಯನ) ಪದವಿಗೆ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯ ಅನ್ನೋದನ್ನ ತೆಗೆದರು. ಬಾಗಿಲು ತೆರೆದ ಹಾಗಾಯ್ತು ಅಂತ ಒಂದು ಗುಂಪು, ಬುನಾದಿಯನ್ನೇ ಕಿತ್ತರು ಅಂತ ಇನ್ನೊಂದು. ಭಾಷೆ ಬಿಟ್ಟು ಓದೋದು ನನಗೆ ಅರೆಬೆಂದ ಅನ್ನ. ಆದರೆ ಸ್ಕೂಲಿನಲ್ಲಿ ಲ್ಯಾಟಿನ್ ಸಿಗದ ಮಕ್ಕಳನ್ನ ಬಾಗಿಲಲ್ಲೇ ತಡೆಯೋದೂ ಸರಿಯಲ್ಲ.

ರಂಗದ_ಹಿಂದೆ
@ಎರಡನೇ_ಸಾಲು ಅರಿಸ್ಟಾಟಲ್‌ಗೆ ನೀವು ಬಯ್ಯೋದಕ್ಕೆ ನನ್ನ ಅಡ್ಡಿ ಇಲ್ಲ. ಆದರೆ ಅಥೆನ್ಸ್‌ಗೆ ಅಥೆನ್ಸ್‌ನ ಒಳಗಿನಿಂದಲೇ ಬೈದವನು ಯೂರಿಪಿಡಿಸ್. ಕ್ರಿ.ಪೂ. 416ರಲ್ಲಿ ಅಥೆನ್ಸಿನವರು ಮೆಲೋಸ್ ಅನ್ನೋ ದ್ವೀಪಕ್ಕೆ ಮುತ್ತಿಗೆ ಹಾಕಿದರು. ಅದು ಶರಣಾದ ಮೇಲೆ ಗಂಡಸರನ್ನ ಕೊಂದು ಹೆಂಗಸರು ಮಕ್ಕಳನ್ನ ಗುಲಾಮರಾಗಿ ಮಾರಿದರು. ಮಾರನೇ ವರ್ಷ ಯೂರಿಪಿಡಿಸ್ ಟ್ರೋಜನ್ ವಿಮೆನ್ ಆಡಿಸಿದ. ನಾಟಕದುದ್ದಕ್ಕೂ ಸೋತ ಟ್ರಾಯ್ ಊರಿನ ಹೆಂಗಸರು. ಯಾರು ಯಾರ ಪಾಲಿಗೆ ಅಂತ ಗೆದ್ದವರು ಹಂಚಿಕೊಳ್ತಾರೆ. ಆ ಊರಿನ ವೀರ ಹೆಕ್ಟರನ ಚಿಕ್ಕ ಮಗುವನ್ನ ಕೋಟೆ ಗೋಡೆಯಿಂದ ಎಸೀತಾರೆ, ಹೆಣವನ್ನ ಅಪ್ಪನ ಗುರಾಣಿಯ ಮೇಲೇ ಇಟ್ಟು ಹೂಳ್ತಾರೆ. ಅದೇ ಪ್ರೇಕ್ಷಕರ ಮುಂದೆ. ಅವನದೇ ಮೆಡಿಯಾ ಓದಿ. ಒಂದು ಸಲ ಹೆರೋದಕ್ಕಿಂತ ಮೂರು ಸಲ ಯುದ್ಧಕ್ಕೆ ನಿಲ್ತೀನಿ ಅಂತಾಳೆ ಅವಳು.

ಎರಡನೇ_ಸಾಲು
ಬರೆದವನೂ ಗಂಡಸು, ಮುಖವಾಡ ಹಾಕಿಕೊಂಡು ಆಡಿದವನೂ ಗಂಡಸು. ಆದರೂ ಓದ್ತೀನಿ.

ಘಟ್ಟದ_ಕೆಳಗೆ
ನಮ್ಮಲ್ಲಿ ಲ್ಯಾಟಿನ್ ಅಷ್ಟು ದೂರದ್ದಲ್ಲ ಮಾರಾಯ್ರೆ. ಮಂಗಳೂರು ಕಡೆ ಹಳೇ ಪಾದ್ರಿಗಳಿಗೆ ಪೂಜೆಯೇ ಲ್ಯಾಟಿನ್‌ನಲ್ಲಿ, 1960ರ ದಶಕದವರೆಗೆ. ನನ್ನ ಸೋದರಮಾವ ಸೆಮಿನರಿಯಲ್ಲಿ ಓದಿದವರು, ಕೊಂಕಣಿಯಲ್ಲಿ ಬಯ್ಯುವಾಗ ನಡುವೆ ಸಿಸೆರೋ ಹಾಕುತ್ತಿದ್ದರು. ಮತ್ತೆ ಚಾರಿಷನ್ ಪ್ರಹಸನ ಯಾರೂ ಎತ್ತಲೇ ಇಲ್ಲ! ಗ್ರೀಕ್ ನಾಟಕದಲ್ಲೇ ನಮ್ಮ ಕರಾವಳಿ ಇದೆ.

ಬೆಂಚ್_ಕೊನೆ
ಏನದು? ನನಗೆ ಗೊತ್ತಿಲ್ಲ, ಸ್ವಲ್ಪ ಹೇಳಿ.

ಘಟ್ಟದ_ಕೆಳಗೆ
ಈಜಿಪ್ಟಿನ ಆಕ್ಸಿರಿಂಕಸ್ ಅನ್ನೋ ಊರಿನ ಕಸದ ಗುಡ್ಡೆಯಲ್ಲಿ ಸಿಕ್ಕ ಪಪೈರಸ್. ಸುಮಾರು ಕ್ರಿ.ಶ. 2ನೇ ಶತಮಾನದ್ದು. 1903ರಲ್ಲಿ ಗ್ರೆನ್‌ಫೆಲ್, ಹಂಟ್ ಪ್ರಕಟಿಸಿದರು, ನಂಬರ್ 413. ಚಾರಿಷನ್ ಅನ್ನೋ ಗ್ರೀಕ್ ಹುಡುಗಿ ಭಾರತದ ಕಡಲ ದಡದ ಒಂದು ದೇವಸ್ಥಾನದಲ್ಲಿ ಸೆರೆ. ಅಣ್ಣ, ಅವನ ಜೊತೆಯವರು ಹಡಗಿನಲ್ಲಿ ಬರ್ತಾರೆ. ಇಲ್ಲಿನ ರಾಜನಿಗೂ ಪರಿವಾರಕ್ಕೂ ನೀರು ಬೆರೆಸದ ದ್ರಾಕ್ಷಿ ಮದ್ಯ ಕುಡಿಸಿ, ಅವರು ಮಗುಚಿ ಬಿದ್ದ ಮೇಲೆ ಹುಡುಗಿಯನ್ನ ಕರ್ಕೊಂಡು ಪರಾರಿ. ಜೊತೆಗೊಬ್ಬ ವಿದೂಷಕ. ಅವನ ಆಯುಧ ಏನು ಗೊತ್ತಾ? ಹೂಸು! ಅದರಿಂದಲೇ ವೈರಿಗಳನ್ನ ಓಡಿಸ್ತಾನೆ. ಸುಮ್ನೆ ಹೇಳ್ತಿಲ್ಲ, ಪಠ್ಯದಲ್ಲೇ ಇದೆ.

ಭಾರತೀಯ ಪಾತ್ರಗಳು ಆಡೋ ಮಾತು ಗ್ರೀಕ್ ಅಲ್ಲ. 1904ರಲ್ಲಿ ಹುಲ್ಟ್ಶ್ ಅದು ಕನ್ನಡ ಅಂದರು. ಶಾಮಾಶಾಸ್ತ್ರಿಗಳೂ ಆ ಮಾತುಗಳನ್ನ ಕನ್ನಡವಾಗಿ ಬಿಡಿಸಿ ಓದೋಕೆ ನೋಡಿದರು. ಹಲ್ಮಿಡಿ ಶಾಸನ ಕ್ರಿ.ಶ. 450ರ ಸುಮಾರಿನದು. ಅದಕ್ಕಿಂತ ಮುನ್ನೂರು ವರ್ಷ ಹಿಂದಕ್ಕೆ ಹೋಗುತ್ತೆ ಲೆಕ್ಕ.

ಕಡಲ_ತುಳುವೆ
ಅದು ಕನ್ನಡ ಅಲ್ಲ, ತುಳು. ತುಳುವಾಗಿ ಬಿಡಿಸಿ ಓದಿದ ವಿದ್ವಾಂಸರೂ ಇದ್ದಾರೆ. ಕರಾವಳಿ ನಮ್ದು, ಮಾತೂ ನಮ್ದು.

ಕರ್ನಾಟ_ಬಲ
ಎಲ್ಲದಕ್ಕೂ ನಮ್ದು ನಮ್ದು ಅಂತ ಬಂದುಬಿಡ್ತೀರಪ್ಪ.

ಕಡಲ_ತುಳುವೆ
ನೀವು ಮಾಡಿದ್ರೆ ಸಂಶೋಧನೆ, ನಾವು ಮಾಡಿದ್ರೆ ತಕರಾರು. ಅಲ್ವಾ?

ಲುಙ್_ಲಕಾರ
ಇಬ್ಬರೂ ಸ್ವಲ್ಪ ತಡೀರಿ. ಬಾರ್ನೆಟ್ ಥರದವರು ಆ ಕಾಲದಲ್ಲೇ ಕನ್ನಡ ವಾದ ಒಪ್ಪಲಿಲ್ಲ. ಗ್ರೀಕ್ ಲಿಪಿಯಲ್ಲಿ, ಪದ ಬಿಡಿಸದೆ ಬರೆದ ಸಾಲುಗಳು. ಎಲ್ಲಿ ಬೇಕಾದರೂ ಕತ್ತರಿಸಿ ಓದಬಹುದು. ಪ್ರೇಕ್ಷಕರನ್ನ ನಗಿಸೋಕೆ ಸುಮ್ಮನೆ ಬಡಬಡಿಕೆ ಬರೆದಿರೋ ಸಾಧ್ಯತೆಯೂ ಇದೆ. ನನಗೆ ಅದರಲ್ಲಿ ಇಷ್ಟವಾಗೋದು ಬೇರೆ ವಿಷಯ. ಇಡೀ ಪ್ರಹಸನ ಯೂರಿಪಿಡಿಸ್‌ನ ಇಫಿಗೇನಿಯಾ ನಾಟಕದ ಅಣಕ. ಅಲ್ಲೂ ದೂರದೇಶದ ದೇವಸ್ಥಾನ, ಸೆರೆಯಾದ ಹುಡುಗಿ, ತಮ್ಮ ಬಂದು ಬಿಡಿಸಿಕೊಂಡು ಹೋಗೋದು. ಆರುನೂರು ವರ್ಷದ ಹತ್ತಿರ ಹಳೆಯದಾದ ನಾಟಕವನ್ನ ಈಜಿಪ್ಟಿನ ಊರಲ್ಲಿ ಅಣಕ ಮಾಡಿ ನಗಿಸಬಹುದಿತ್ತು ಅಂದರೆ ಆ ಜನಕ್ಕೆ ಯೂರಿಪಿಡಿಸ್ ಎಷ್ಟು ಬಾಯಿಪಾಠ ಇದ್ದಿರಬೇಕು!

ಮೆಣಸಿನಕಾಳು
ನನ್ನ ಹೆಸರಿಗೆ ತಕ್ಕ ಮಾತು ಈಗ ಬಂತು. ಪ್ಲಿನಿ ಅನ್ನೋ ರೋಮನ್, ವರ್ಷಕ್ಕೆ 5 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಭಾರತಕ್ಕೆ ಹರಿದು ಹೋಗ್ತಿದೆ ಅಂತ ಗೋಳಾಡಿದ್ದಾನೆ. ಮೆಣಸಿನಲ್ಲಿ ಖಾರ ಬಿಟ್ಟರೆ ಏನಿದೆ, ಮೊದಲು ಇದನ್ನ ತಿಂದು ನೋಡಿದವನು ಯಾರಪ್ಪ ಅಂತ ಬೇರೆ ಕೇಳ್ತಾನೆ. ಆ ದುಡ್ಡಿನಲ್ಲಿ ಚೂರು ಚಿತ್ರದುರ್ಗದ ಚಂದ್ರವಳ್ಳಿಗೂ ಬಂದಿತ್ತು. ಆಗಸ್ಟಸ್, ಟೈಬೀರಿಯಸ್‌ನ ಬೆಳ್ಳಿ ನಾಣ್ಯ ಸಿಕ್ಕಿವೆ ಅಲ್ಲಿ. ಬೆಂಗಳೂರಿನ ಯಶವಂತಪುರದಲ್ಲೂ 1891ರಲ್ಲಿ ರೋಮನ್ ನಾಣ್ಯದ ಗಂಟು ಸಿಕ್ಕಿತ್ತು. ಈಗ ಅಲ್ಲಿ ಟ್ರಾಫಿಕ್‌ನಲ್ಲಿ ಸಿಕ್ಕಿಕೊಳ್ಳೋರು ಗೊತ್ತಿರಲಿ ಅಂತ ಹೇಳಿದೆ.

ಇದೇ ಪ್ಲಿನಿ ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಜನರನ್ನ ಕಾಪಾಡೋಕೆ ಅಂತ ಹಡಗು ತಗೊಂಡು ಹೋಗಿ ಸತ್ತ. ಅವನ ಸೋದರಳಿಯ ಕಿರಿಯ ಪ್ಲಿನಿ, ಇತಿಹಾಸಕಾರ ಟ್ಯಾಸಿಟಸ್‌ಗೆ ಬರೆದ ಎರಡು ಪತ್ರ ಓದಿ ಮೇಡಂ. ತಲೆಗೆ ದಿಂಬು ಕಟ್ಟಿಕೊಂಡು ಕಲ್ಲಿನ ಮಳೆಯಲ್ಲಿ ಓಡೋ ಜನ. ಕ್ಲಾಸಿಗೆ ಹೇಳಿ ಮಾಡಿಸಿದ ಹಾಗಿದೆ.

ಬೆಂಚ್_ಕೊನೆ
ಅದೇ ಬೂದಿಯಲ್ಲಿ ಸುಟ್ಟು ಇದ್ದಲಾದ ಸುರುಳಿಗಳನ್ನ ಎಐ ಓದ್ತಿದೆ ಅಂತ ಸುದ್ದಿ ಬಂದಿತ್ತಲ್ಲ? ನಿಜವಾ?

ಲುಙ್_ಲಕಾರ
ನಿಜ. ಆ ಬೂದಿಯಲ್ಲಿ ಹೂತುಹೋದ ಹರ್ಕ್ಯುಲೇನಿಯಂ ಊರಿನ ಸುರುಳಿಗಳು. 1750ರ ದಶಕದಲ್ಲಿ ಸಿಕ್ಕವು, ಬಿಚ್ಚೋಕೆ ಹೋದರೆ ಪುಡಿಪುಡಿ. ಈಗ ಬಿಚ್ಚದೆ ಸ್ಕ್ಯಾನ್ ಮಾಡಿ ಕಂಪ್ಯೂಟರ್‌ನಲ್ಲಿ ಸುರುಳಿ ಬಿಡಿಸ್ತಾರೆ. 2023ರಲ್ಲಿ ಮೊದಲು ಓದಿದ ಪದ ನೇರಳೆ ಬಣ್ಣಕ್ಕಿರೋ ಗ್ರೀಕ್ ಪದ, ಓದಿದವನು ಕಾಲೇಜು ಹುಡುಗ. ಆಮೇಲೆ ಸಿಕ್ಕ ಸಾಲುಗಳು ಎಪಿಕ್ಯೂರಸ್ ಪಂಥದ್ದು, ಊಟ, ಸಂಗೀತ, ಸುಖದ ಬಗ್ಗೆ. ಎಪಿಕ್ಯೂರಸ್ ಅಂದರೆ ಮಜಾ ಮಾಡೋನು ಅಂದುಕೊಳ್ತಾರೆ. ಪಾಪ, ಅವನು ಗೆಳೆಯನಿಗೆ ಬರೆದದ್ದು, ಒಂದು ಗಡಿಗೆ ಚೀಸ್ ಕಳಿಸು, ಬೇಕಾದಾಗ ಹಬ್ಬ ಮಾಡ್ತೀನಿ ಅಂತ.

ನಿರ್ವಾಹಕ
ತುಳು–ಕನ್ನಡ ಜಗಳದ ಹನ್ನೆರಡು ಕಾಮೆಂಟ್ ತೆಗೆದಿದ್ದೇನೆ. ಅದಕ್ಕೆ ಬೇರೆ ಎಳೆ ಶುರು ಮಾಡಿ.

ಸೀಮೆಸುಣ್ಣ
ಎಲ್ಲರಿಗೂ ಥ್ಯಾಂಕ್ಸ್. ಈಡಿಪಸ್ ಮುಗಿಸಿ ಅಂತಿಗೊನೆ ಓದುತ್ತಿದ್ದೇನೆ. ಲಂಕೇಶರ ಕನ್ನಡ, ಪಕ್ಕದಲ್ಲಿ ಹಳೇ ಲೋಬ್. ಒಂದು ಜಾಗದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ. ಊರ ಮೇಲೆ ದಂಡು ತಂದು ಸತ್ತ ಅಣ್ಣನ ಹೆಣ ಯಾರೂ ಹೂಳಬಾರದು ಅಂತ ರಾಜ ಕ್ರಿಯಾನ್ ಆಜ್ಞೆ ಮಾಡಿರ್ತಾನೆ, ಅಂತಿಗೊನೆ ಅದನ್ನ ಮೀರ್ತಾಳೆ. ಸಾಯೋಕೆ ಹೋಗುವ ಮುಂಚೆ ಅವಳು ಹೇಳ್ತಾಳೆ: ಗಂಡನಿಗೋಸ್ಕರ, ಮಕ್ಕಳಿಗೋಸ್ಕರ ಆಗಿದ್ದರೆ ರಾಜಾಜ್ಞೆ ಮೀರುತ್ತಿರಲಿಲ್ಲ. ಗಂಡ ಸತ್ತರೆ ಇನ್ನೊಬ್ಬ ಸಿಗುತ್ತಾನೆ, ಮಗು ಇನ್ನೊಂದು ಆಗುತ್ತೆ. ಅಪ್ಪ ಅಮ್ಮ ಸತ್ತ ಮೇಲೆ ಅಣ್ಣ ಎಲ್ಲಿಂದ ಬರುತ್ತಾನೆ? ಅಲ್ಲಿಯವರೆಗೆ ದೇವರ ಶಾಶ್ವತ ನಿಯಮ ಅಂತ ಅಷ್ಟು ಎತ್ತರದಲ್ಲಿ ಮಾತಾಡಿದವಳು ಇದ್ದಕ್ಕಿದ್ದಂತೆ ಹೀಗೆ ಲೆಕ್ಕ ಹಾಕ್ತಾಳಲ್ಲ, ಯಾಕೆ?

ಗೈಡ್_ವಿರೋಧಿ
ನೀವೊಬ್ಬರೇ ಅಲ್ಲ, ಜರ್ಮನ್ ಕವಿ ಗಯಟೆಗೂ ಅದು ಕಸಿವಿಸಿ ಮಾಡಿತ್ತು. ಯಾರಾದರೂ ವಿದ್ವಾಂಸ ಈ ಸಾಲು ಸೊಫೊಕ್ಲಿಸ್‌ನದಲ್ಲ ಅಂತ ತೋರಿಸಿಕೊಡಲಿ ಅಂತ ಆಸೆಪಟ್ಟಿದ್ದ. ಆದರೆ ಅರಿಸ್ಟಾಟಲ್ ತನ್ನ ರೆಟರಿಕ್‌ನಲ್ಲಿ ಅದೇ ಸಾಲುಗಳನ್ನ ಎತ್ತಿ ಹೇಳ್ತಾನೆ. ಅಂದರೆ ಅವನ ಕಾಲಕ್ಕಾಗಲೇ ನಾಟಕದಲ್ಲಿ ಇದ್ದವು. ಇತಿಹಾಸಕಾರ ಹೆರೊಡೊಟಸ್‌ನಲ್ಲೂ ಇದೇ ಮಾತಿದೆ. ಪರ್ಷಿಯಾದ ದೊರೆ ದಾರಿಯಸ್ ಒಬ್ಬಳಿಗೆ ಸೆರೆಯಲ್ಲಿರೋ ನಿನ್ನವರಲ್ಲಿ ಒಬ್ಬನನ್ನ ಬಿಡ್ತೀನಿ ಅಂದಾಗ ಅವಳು ಗಂಡನನ್ನೂ ಮಕ್ಕಳನ್ನೂ ಬಿಟ್ಟು ಅಣ್ಣನನ್ನ ಕೇಳ್ತಾಳೆ.

ಹಳೆಗನ್ನಡ_ಹುಚ್ಚ
ಇದು ನಮಗೆ ಹೊಸದಲ್ಲ ಅಲ್ವಾ? ಬೌದ್ಧರ ಉಚ್ಛಂಗ ಜಾತಕದಲ್ಲಿ ಕೋಸಲದ ಹೆಂಗಸೂ ರಾಜನ ಮುಂದೆ ಹೀಗೇ ಕೇಳ್ತಾಳೆ. ವಾಲ್ಮೀಕಿಯಲ್ಲಿ ಲಕ್ಷ್ಮಣ ಬಿದ್ದಾಗ ರಾಮ ಅಳೋದನ್ನ ನೆನಪಿಸಿಕೊಳ್ಳಿ. "ದೇಶೇ ದೇಶೇ ಕಲತ್ರಾಣಿ ದೇಶೇ ದೇಶೇ ಚ ಬಾಂಧವಾಃ, ತಂ ತು ದೇಶಂ ನ ಪಶ್ಯಾಮಿ ಯತ್ರ ಭ್ರಾತಾ ಸಹೋದರಃ." ಹೆಂಡತಿ ಎಲ್ಲಾದರೂ ಸಿಗ್ತಾಳೆ, ಒಡಹುಟ್ಟಿದವನು ಸಿಗೋ ದೇಶ ಕಾಣೆ ಅಂತ. ಹೆಂಡತಿಗೋಸ್ಕರ ಶುರುವಾದ ಯುದ್ಧದ ನಡುವೆ ನಿಂತು ಹೇಳೋ ಮಾತು ಅದು.

ಎರಡನೇ_ಸಾಲು
ಅಲ್ಲೂ ಇಲ್ಲೂ ಹೆಂಡತಿಯೇ ಅಗ್ಗ.

ರಂಗದ_ಹಿಂದೆ
ಅಂತಿಗೊನೆ ಬಾಯಲ್ಲಿ ಅದು ಬೇರೆ ಥರ ಕೇಳುತ್ತೆ ಅಂತ ನನಗನ್ನಿಸುತ್ತೆ. ಅವಳಿಗೆ ಗಂಡನೂ ಇಲ್ಲ, ಮಕ್ಕಳೂ ಇಲ್ಲ, ಇನ್ನು ಆಗೋದೂ ಇಲ್ಲ. ಜೀವಂತ ಗುಹೆಗೆ ಹೋಗ್ತಿದ್ದಾಳೆ. ಸಿಗದೇ ಹೋಗೋದನ್ನ ಒಂದೊಂದಾಗಿ ಎಣಿಸ್ತಿದ್ದಾಳೆ. ಆ ಸಾಲನ್ನ ವಾದದ ಹಾಗೆ ಹೇಳಿಸಿದರೆ ಕೆಡುತ್ತೆ. ಭಯ ಆಗಿರೋ ಹುಡುಗಿಯ ಹಾಗೆ ಹೇಳಿಸಿ ನೋಡಿ.

ಕರ್ನಾಟ_ಬಲ
ನಾನಂತೂ ಕ್ರಿಯಾನ್ ಪರ. ಊರ ಮೇಲೆ ದಂಡು ತಂದವನಿಗೂ ಊರು ಕಾದವನಿಗೂ ಒಂದೇ ಮರ್ಯಾದೆ ಅಂದರೆ ರಾಜ್ಯ ನಡೆಯುತ್ತಾ?

ಗೈಡ್_ವಿರೋಧಿ
ಇಬ್ಬರದ್ದೂ ಸರಿ, ಅದಕ್ಕೇ ದುರಂತ ಅಂತ ಜರ್ಮನ್ ತತ್ವಜ್ಞಾನಿ ಹೆಗೆಲ್ ಹೇಳಿದ್ದು. ಆದರೆ ನಾಟಕ ನಿಮ್ಮ ಕ್ರಿಯಾನ್‌ನ ಪರ ಇಲ್ಲ. ಮಗ ಹೈಮನ್ ಊರಿನ ಜನ ಅವಳ ಕಡೆ ಇದ್ದಾರೆ ಅಂದಾಗ ಅವನ ಉತ್ತರ ಓದಿ. ನಾನು ಹೇಗೆ ಆಳಬೇಕು ಅಂತ ಊರು ಹೇಳಿಕೊಡಬೇಕಾ ಅಂತಾನೆ.

ಸೀಮೆಸುಣ್ಣ
ನನಗೆ ಇಬ್ಬರಿಗಿಂತ ಅಂತಿಗೊನೆಯ ತಂಗಿ ಇಸ್ಮೇನೆ ಕಾಡ್ತಾಳೆ. ಮೊದಲು ಹೆದರಿ ಹಿಂದೆ ಸರಿದಳು, ಸರಿ. ಆಮೇಲೆ ನಾನೂ ಸಾಯ್ತೀನಿ ಅಂತ ಬಂದಾಗ ಅಂತಿಗೊನೆ ಯಾಕೆ ಅಷ್ಟು ಖಡಕ್ಕಾಗಿ ದೂರ ತಳ್ತಾಳೆ?

ರಂಗದ_ಹಿಂದೆ
ತಂಗಿಯ ಜೀವ ಉಳಿಸೋಕೆ.

ಎರಡನೇ_ಸಾಲು
ಅಲ್ಲ. ಹೆಸರು ಹಂಚಿಕೊಳ್ಳೋಕೆ ಇಷ್ಟ ಇಲ್ಲದ್ದಕ್ಕೆ. ನೀನು ಕೈ ಹಾಕದ ಕೆಲಸವನ್ನ ನಿನ್ನದು ಅನ್ನಬೇಡ ಅಂತ ಅವಳೇ ಹೇಳ್ತಾಳಲ್ಲ, ಮತ್ತೊಮ್ಮೆ ಓದಿ.